ಒಬ್ಬರಿಗಾದರೂ ಗೊತ್ತಿರಲಿ

ಮೈಸೂರಿನ ಒಂದು ಹಳೇ ಬಡಾವಣೆ. ಅಲ್ಲಿನ ಸಮುದಾಯ ಭವನದಲ್ಲಿ ದಿನಾ ಬೆಳಿಗ್ಗೆ ಆರಕ್ಕೆ ವ್ಯಾಯಾಮದ ಕ್ಲಾಸು. ನಾಲ್ಕು ದಿನ ಹಾಡು ಹಾಕಿ ಏರೋಬಿಕ್ಸ್, ಎರಡು ದಿನ ಯೋಗ. ಆ ಕ್ಲಾಸಿಗೆ ಬರುವ ಇಬ್ಬರು ಹೆಂಗಸರ ಮಾತುಕತೆ ಇದು. ಇಬ್ಬರಿಗೂ ಸಕ್ಕರೆ ಕಾಯಿಲೆ. ಹಿರಿಯಾಕೆ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಕಿರಿಯಾಕೆ ಹೈಸ್ಕೂಲ್ ಟೀಚರ್.

ಕಿರಿಯಾಕೆ: ಅಕ್ಕಾ, ಮುಂದಿನ ತಿಂಗಳಿಂದ ನಾನು ಕ್ಲಾಸಿಗೆ ಬರಲ್ಲ. ಫೀಸ್ ಕಟ್ಟೋ ದಿನ ಹತ್ರ ಬಂತು, ಅದಕ್ಕೇ ಮೊದಲು ನಿಮಗೆ ಹೇಳೋಣ ಅಂತ.

ಹಿರಿಯಾಕೆ: ಯಾಕಮ್ಮಾ? ಮಂಡಿ ನೋವಾ? ಸ್ಕೂಲ್ ಟೈಮ್ ಬದಲಾಯ್ತಾ?

ಕಿರಿಯಾಕೆ: ಎರಡೂ ಅಲ್ಲ. ಮನೇಲೇ ಮಾಡ್ಕೋತೀನಿ. ಯೂಟ್ಯೂಬ್ ಹಾಕ್ಕೊಂಡು ರೂಮಿನ ಬಾಗಿಲು ಮುಚ್ಕೊಂಡ್ರೆ ಆಯ್ತು. ಯಾರೂ ನೋಡೋರಿರಲ್ಲ.

ಹಿರಿಯಾಕೆ: ಯಾರೂ ನೋಡೋರಿಲ್ಲ ಅನ್ನೋದೇ ನನಗೆ ಭಯ. ಹೋದ ವಾರ ನೀನು ಮಧ್ಯದಲ್ಲೇ ಎದ್ದು ಹೋಗಿ ಚಪ್ಪಲಿ ಸ್ಟ್ಯಾಂಡ್ ಹತ್ರ ಕೂತಿದ್ದೆ. ಕೇಳಿದೋರಿಗೆ ಕಾಲು ಹಿಡ್ಕೊಂಡಿದೆ ಅಂದೆ. ಕಾಲು ಹಿಡ್ಕೊಂಡೋರು ಕಾಲು ನೀವಿಕೊಳ್ತಾರೆ. ನೀನು ಎರಡೂ ಕೈನ ತೊಡೆ ಕೆಳಗೆ ಸೇರಿಸ್ಕೊಂಡು ಅದರ ಮೇಲೆ ಕೂತಿದ್ದೆ, ಬೆರಳು ನಡುಗೋದು ಕಾಣಬಾರದು ಅಂತ. ಮೇಲ್ತುಟಿ ಮೇಲೆ ಬೆವರು ಸಾಲುಗಟ್ಟಿತ್ತು. ಕೇಳಿದ್ದಕ್ಕೆ ಒಂದೊಂದೇ ಪದ ಹುಡುಕಿ ಉತ್ತರ ಕೊಡ್ತಿದ್ದೆ. ನಾನು ಪಕ್ಕ ಕೂತು ಗ್ಲೂಕೋಸ್ ನೀರು ಕುಡಿಸಿದೆ, ನೀನು ಏನು ಎತ್ತ ಅಂತ ಕೇಳದೇ ಕುಡಿದೆ.

ಕಿರಿಯಾಕೆ: ನೀವು ಎಲ್ಲರಿಗೂ ಕೊಡೋ ಹಾಗೆ ಕೊಟ್ರಿ ಅಂದ್ಕೊಂಡಿದ್ದೆ. ನಿಮಗೆ ಗೊತ್ತಾಗಿತ್ತಾ?

ಹಿರಿಯಾಕೆ: ಸಕ್ಕರೆ ಬಂದು ಇಪ್ಪತ್ತು ವರ್ಷದ ಮೇಲಾಯ್ತು ನನಗೆ. ಅದಕ್ಕೂ ಮುಂಚಿನಿಂದ ವಾರ್ಡಿನಲ್ಲಿ ನೋಡಿದೀನಿ. ಹೇಳು, ಬೆಳಿಗ್ಗೆ ಯಾವ ಮಾತ್ರೆ ತಗೋತೀಯ?

ಕಿರಿಯಾಕೆ: ಮೂರು ಔಷಧಿ ಸೇರಿರೋ ಒಂದೇ ಮಾತ್ರೆ. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ವೋಗ್ಲಿಬೋಸ್. ಐದೂವರೆಗೆ ಎದ್ದು ಮಾತ್ರೆ ನುಂಗಿ, ಸಕ್ಕರೆ ಹಾಕದ ಕಾಫಿ ಅರ್ಧ ಲೋಟ ಕುಡಿದು ಬರ್ತೀನಿ. ತಿಂಡಿ ಎಂಟಕ್ಕೆ.

ಹಿರಿಯಾಕೆ: ಸಮಸ್ಯೆ ಅಲ್ಲೇ ಇದೆ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್, ಈ ಗುಂಪಿನ ಮಾತ್ರೆಗಳು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಬಿಡಿಸ್ತವೆ. ಹೊಟ್ಟೇಲಿ ಆಹಾರ ಇದೆಯೋ ಇಲ್ಲವೋ ಅಂತ ನೋಡಲ್ಲ. ಅದಕ್ಕೇ ಅದನ್ನ ಊಟ ತಿಂಡಿ ಜೊತೆ ಕೊಡೋದು. ನೀನು ಮಾತ್ರೆ ತಗೊಂಡು ಎರಡೂವರೆ ಗಂಟೆ ಏನೂ ತಿನ್ನಲ್ಲ. ಆ ಮಧ್ಯದಲ್ಲಿ ಒಂದು ಗಂಟೆ ಕುಣಿದು ನೆಗೆದು ಮಾಡ್ತೀಯ. ಕುಣಿಯುವಾಗ ಏನಾಗುತ್ತೆ ಗೊತ್ತಾ? ಸ್ನಾಯುವಿನ ಕೋಶದೊಳಗೆ ಗ್ಲೂಟ್-4 ಅಂತ ಒಂದು ಪ್ರೋಟೀನ್ ಇದೆ. ಅದು ಕೋಶದ ಮೇಲ್ಮೈಗೆ ಬಂದು ರಕ್ತದಲ್ಲಿರೋ ಗ್ಲೂಕೋಸನ್ನ ಒಳಗೆ ತಗೊಳ್ಳುತ್ತೆ. ಕೂತಿರೋವಾಗ ಅದನ್ನ ಮೇಲಕ್ಕೆ ಕರೆಯೋಕೆ ಇನ್ಸುಲಿನ್ ಬೇಕು. ಸ್ನಾಯು ಕೆಲಸ ಮಾಡ್ತಿರೋವಾಗ ಇನ್ಸುಲಿನ್ನಿನ ಅಪ್ಪಣೆ ಬೇಕಿಲ್ಲ, ತಾನಾಗೇ ಬರುತ್ತೆ. ನಮ್ಮಂಥವರಿಗೆ ವ್ಯಾಯಾಮ ಔಷಧಿ ಅನ್ನೋದು ಇದಕ್ಕೇ. ಅವತ್ತು ನಿನ್ನ ಮೈಯಲ್ಲಿ ಮಾತ್ರೆ ಒಂದು ಕಡೆಯಿಂದ, ವ್ಯಾಯಾಮ ಇನ್ನೊಂದು ಕಡೆಯಿಂದ ಸಕ್ಕರೆ ಇಳಿಸಿದ್ವು. ತಿಂದಿದ್ದು ಮಾತ್ರ ಏನೂ ಇರಲಿಲ್ಲ.

ಕಿರಿಯಾಕೆ: ಹಾಗಾದ್ರೆ ಕ್ಲಾಸೇ ಬೇಡ ಅಂತಾಯ್ತಲ್ಲ.

ಹಿರಿಯಾಕೆ: ಅಲ್ಲಮ್ಮಾ. ಮಾತ್ರೆ ಯಾವಾಗ, ತಿಂಡಿ ಯಾವಾಗ ಅನ್ನೋದನ್ನ ಸರಿ ಮಾಡ್ಕೋಬೇಕು. ನಿನ್ನ ಡಾಕ್ಟರ್‌ಗೆ ಬೆಳಗಿನ ಕ್ಲಾಸ್ ವಿಷಯ ಹೇಳಿದೀಯಾ?

ಕಿರಿಯಾಕೆ: ಇಲ್ಲ. ವಾಕಿಂಗ್ ಮಾಡ್ತೀರಾ ಅಂತ ಕೇಳಿದ್ರು, ಹೂಂ ಅಂದೆ.

ಹಿರಿಯಾಕೆ: ವಾಕಿಂಗೇ ಬೇರೆ, ಇದೇ ಬೇರೆ. ಆರಕ್ಕೆ ಕ್ಲಾಸು, ಎಂಟಕ್ಕೆ ತಿಂಡಿ, ಮಾತ್ರೆನ ತಿಂಡಿ ಹೊತ್ತಿಗೆ ತಗೊಳ್ಲಾ ಅಂತ ಕೇಳು. ನೀನಾಗಿ ಬದಲಾಯಿಸಬೇಡ, ನಾನು ಹೇಳಿದೆ ಅಂತಾನೂ ಬದಲಾಯಿಸಬೇಡ. ಅಲ್ಲೀವರೆಗೂ ಮನೆ ಬಿಡೋ ಮುಂಚೆ ಒಂದು ಸಲ ಮೀಟರ್‌ನಲ್ಲಿ ನೋಡು. 90ಕ್ಕಿಂತ ಕಮ್ಮಿ ಇದ್ರೆ ಒಂದು ಬಾಳೆಹಣ್ಣು ತಿಂದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡ್ಕೊಂಡು ಬಾ. 70ಕ್ಕಿಂತ ಕೆಳಗಿದ್ರೆ ಅದು ಆಗಲೇ ಲೋ ಶುಗರ್, ಅವತ್ತು ಕ್ಲಾಸ್ ಬೇಡ. ಸಂಕಷ್ಟಿ ಉಪವಾಸದ ದಿನ ಈ ಮಾತ್ರೆ, ಈ ಕ್ಲಾಸು, ಚಂದ್ರೋದಯದವರೆಗೆ ಖಾಲಿ ಹೊಟ್ಟೆ, ಮೂರೂ ಒಟ್ಟಿಗೆ ಆಗಲೇಬಾರದು.

ಕಿರಿಯಾಕೆ: ಬರೀ ಮೆಟ್‌ಫಾರ್ಮಿನ್ ತಗೊಳ್ಳೋರಿಗೂ ಹೀಗಾಗುತ್ತಾ?

ಹಿರಿಯಾಕೆ: ಅದೊಂದನ್ನೇ ತಗೊಳ್ಳೋರಿಗೆ ಲೋ ಆಗೋದು ತುಂಬಾ ಅಪರೂಪ. ಇನ್ಸುಲಿನ್ ಚುಚ್ಚಿಕೊಳ್ಳೋ ನನ್ನಂಥವರು, ನಿನ್ನ ಥರದ ಮಾತ್ರೆ ತಗೊಳ್ಳೋರು ಹುಷಾರಾಗಿರಬೇಕು. ನಮ್ಮಲ್ಲಿ ಎಷ್ಟೋ ಜನಕ್ಕೆ ತಾವು ನುಂಗೋ ಮಾತ್ರೆಯ ಬಣ್ಣ ಗೊತ್ತು, ಹೆಸರು ಗೊತ್ತಿಲ್ಲ. ನಿನಗೆ ಹೆಸರು ಗೊತ್ತಿದೆ, ಅಷ್ಟರಮಟ್ಟಿಗೆ ಒಳ್ಳೇದಾಯ್ತು.

ಕಿರಿಯಾಕೆ: ಅಕ್ಕಾ, ನೀವು ಹೇಳಿದ್ದೆಲ್ಲ ಮಾಡ್ತೀನಿ. ಆದ್ರೆ ಬರಲ್ಲ ಅಂದಿದ್ದು ಬರೀ ಲೋ ಶುಗರ್‌ಗಲ್ಲ. ನನಗೆ ಅಲ್ಲಿ ನಿಂತ್ಕೊಳ್ಳೋಕೇ ಹಿಂಸೆ ಆಗುತ್ತೆ. ಗೋಡೆ ತುಂಬಾ ಕನ್ನಡಿ. ಕೈಕಾಲು ಕಡ್ಡಿ ಥರ, ಹೊಟ್ಟೆ ಮಾತ್ರ ಮುಂದೆ. ದುಪಟ್ಟಾ ಕಟ್ಕೊಂಡೇ ಮಾಡ್ತೀನಿ, ಅದು ಜಾರುತ್ತೆ, ಸರಿಮಾಡ್ಕೊಳ್ಳೋಷ್ಟರಲ್ಲಿ ಸ್ಟೆಪ್ ತಪ್ಪುತ್ತೆ. ಕ್ಲಾಸ್ ಹೇಳಿಕೊಡೋ ಹುಡುಗ ಮೈಕ್‌ನಲ್ಲಿ ‘ಲಾಸ್ಟ್ ರೋ, ಕಮಾನ್’ ಅಂತ ಕೂಗ್ತಾನೆ. ಎಲ್ಲರೂ ತಿರುಗಿ ನೋಡ್ತಾರೆ. ಶುಗರ್ ಜಾಸ್ತಿ ಇದ್ದ ದಿನ ಎರಡು ಸಲ ಬಾತ್‌ರೂಮಿಗೆ ಹೋಗಬೇಕು, ಹೋಗುವಾಗ ಎಲ್ಲರ ಮುಂದೆ ಹಾದು ಹೋಗಬೇಕು. ಕೊನೇಲಿ ಗ್ರೂಪ್ ಫೋಟೋ. ಅದು ವಾಟ್ಸಾಪ್‌ನಲ್ಲಿ ಬರುತ್ತೆ. ನನ್ನ ಮಗಳೇ ನೋಡಿ, ಅಮ್ಮಾ ಯಾಕೆ ಯಾವಾಗಲೂ ಕಂಬದ ಹಿಂದೆ ನಿಲ್ತೀಯ ಅಂದ್ಲು.

ಹಿರಿಯಾಕೆ: ನಿನ್ನ ಮೈ ಬಗ್ಗೆ ಹೇಳ್ದೆಯಲ್ಲ, ಅದಕ್ಕೊಂದು ವಿಷಯ ಹೇಳ್ತೀನಿ, ಕೇಳು. ಪುಣೆಯಲ್ಲಿ ಚಿತ್ತರಂಜನ್ ಯಾಜ್ಞಿಕ್ ಅಂತ ಡಾಕ್ಟರ್ ಇದಾರೆ, ನಮ್ಮ ಜನರ ಸಕ್ಕರೆ ಕಾಯಿಲೆ ಬಗ್ಗೆ ದೊಡ್ಡ ಕೆಲಸ ಮಾಡಿದೋರು. ಅವರೂ ಇಂಗ್ಲೆಂಡಿನ ಜಾನ್ ಯುಡ್ಕಿನ್ ಅನ್ನೋ ವಿಜ್ಞಾನಿನೂ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೇಲಿ ತಮ್ಮಿಬ್ಬರದೇ ಫೋಟೋ ಹಾಕಿ ಒಂದು ಪುಟ್ಟ ಲೇಖನ ಬರೆದ್ರು. ಇಬ್ಬರ ಬಿಎಂಐ ಒಂದೇ, 22.3. ನೋಡೋಕೆ ಇಬ್ಬರೂ ತೆಳ್ಳಗೇ. ಆದ್ರೆ ಮೈಯಲ್ಲಿರೋ ಕೊಬ್ಬು ಅಳೆದು ನೋಡಿದಾಗ ಯುಡ್ಕಿನ್ ಅವರದು ಶೇಕಡ 9.1, ಯಾಜ್ಞಿಕ್ ಅವರದು 21.2. ಎರಡರಷ್ಟಕ್ಕಿಂತ ಜಾಸ್ತಿ. ತೂಕ, ಎತ್ತರ ಲೆಕ್ಕ ಹಾಕಿದ್ರೆ ಇಬ್ಬರೂ ಒಂದೇ, ಒಳಗೆ ಇಷ್ಟು ವ್ಯತ್ಯಾಸ. ನಮ್ಮ ದೇಶದೋರ ಮೈಯೇ ಹಾಗೆ. ಸ್ನಾಯು ಕಮ್ಮಿ, ಕೊಬ್ಬು ಜಾಸ್ತಿ, ಆ ಕೊಬ್ಬೂ ಹೊಟ್ಟೆ ಸುತ್ತ. ಹುಟ್ಟುವಾಗಲೇ ನಮ್ಮ ಮಕ್ಕಳ ತೂಕ ಕಮ್ಮಿ ಇದ್ರೂ ಕೊಬ್ಬಿನ ಪಾಲು ಹೆಚ್ಚಿರುತ್ತೆ ಅಂತ ಯಾಜ್ಞಿಕ್ ಅವರ ತಂಡವೇ ತೋರಿಸಿದೆ. ನೀನು ಕನ್ನಡೀಲಿ ನೋಡಿ ಸಂಕಟ ಪಡೋ ಮೈ ನೀನು ಸೋಮಾರಿ ಆಗಿದ್ದಕ್ಕೆ ಬಂದಿದ್ದಲ್ಲ, ಲಾಡು ತಿಂದಿದ್ದಕ್ಕೆ ಬಂದಿದ್ದೂ ಅಲ್ಲ. ತಲೆತಲಾಂತರದಿಂದ ಬಂದಿದ್ದು.

ಕಿರಿಯಾಕೆ: ಎಲ್ಲರೂ ಅನ್ನೋದೇ ಬೇರೆ. ನೀವು ತೆಳ್ಳಗಿದೀರ, ನಿಮಗೆಲ್ಲಿ ಶುಗರ್ ಅಂತಾರೆ. ಇದೆ ಅಂದ್ರೆ, ಅಯ್ಯೋ ಸಿಹಿ ಜಾಸ್ತಿ ತಿಂತಿದ್ರಾ ಅಂತಾರೆ. ಸ್ಟಾಫ್ ರೂಮಿನಲ್ಲಿ ಒಂದು ಸಲ ಬಾಯಿಬಿಟ್ಟು ಹೇಳಿದ್ದಕ್ಕೆ ಇವತ್ತಿಗೂ ಅನುಭವಿಸ್ತಿದೀನಿ. ಒಬ್ಬರು ಹಾಗಲಕಾಯಿ ರಸ, ಒಬ್ಬರು ಮೆಂತ್ಯ ನೆನೆಸಿದ ನೀರು, ಒಬ್ಬರು ಮಾತ್ರೆನೇ ಬಿಟ್ಬಿಡಿ ಅಂತ. ಯಾರದಾದ್ರೂ ಹುಟ್ಟುಹಬ್ಬಕ್ಕೆ ಕೇಸರಿಬಾತ್ ಬಂದ್ರೆ ನನ್ನ ತಟ್ಟೆ ಬಂದಾಗ ಹತ್ತು ಕಣ್ಣು ನನ್ನ ಮೇಲೆ. ಕ್ಲಾಸಿನಲ್ಲೂ ಅದೇ ಆಗುತ್ತೆ.

ಹಿರಿಯಾಕೆ: ಆಗುತ್ತೆ. ಇಲ್ಲ ಅನ್ನಲ್ಲ.

ಕಿರಿಯಾಕೆ: ಇನ್ನೂ ಒಂದಿದೆ. ಮಗಳಿಗೆ ಗಂಡು ನೋಡ್ತಿದೀವಿ. ಆ ಕ್ಲಾಸಿಗೆ ನಮ್ಮ ಪೈಕಿಯೋರೇ ಮೂರು ಮನೆ ಬರ್ತಾರೆ. ತಾಯಿಗೆ ಸಕ್ಕರೆ ಅಂತೆ ಅನ್ನೋ ಮಾತು ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ನಿಮಗೆ ಗೊತ್ತಲ್ಲ ಅಕ್ಕಾ.

ಹಿರಿಯಾಕೆ: ಗೊತ್ತು. ಅದನ್ನ ಸಣ್ಣ ಮಾತು ಅಂತ ನಾನು ತಳ್ಳಿಹಾಕಲ್ಲ. ನಮ್ಮಲ್ಲಿ ಕಾಯಿಲೆನ ಮನೆತನದ ಲೆಕ್ಕಕ್ಕೆ ಹಾಕ್ತಾರೆ. ಆದ್ರೆ ನೋಡು, 2023ರಲ್ಲಿ ಐಸಿಎಂಆರ್ ಇಂಡಿಯಾಬ್ ಸಮೀಕ್ಷೆಯ ವರದಿ ಬಂತು. ದೇಶದಲ್ಲಿ 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ, ಇನ್ನೂ 13.6 ಕೋಟಿ ಜನ ಅದರ ಅಂಚಿನಲ್ಲಿ. ವಯಸ್ಕರಲ್ಲಿ ನೂರಕ್ಕೆ ಹನ್ನೊಂದು ಜನ ಅಂದ ಹಾಗಾಯ್ತು. ಆ ಲೆಕ್ಕ ಹಿಡಿದ್ರೆ ನಮ್ಮ ಹಾಲ್‌ನಲ್ಲಿ ನಿಲ್ಲೋ ನಲವತ್ತು ಜನರಲ್ಲಿ ನಾಲ್ಕೈದು ಜನ ಆಗ್ತಾರೆ. ನಮ್ಮೋರೆಲ್ಲ ಸಿಟಿ ಜನ, ಬಹಳಷ್ಟು ಮಂದಿ ನಲವತ್ತು ದಾಟಿದೋರು, ಅದಕ್ಕಿಂತ ಹೆಚ್ಚೇ ಇರಬಹುದು. ನಿನಗೆ ಗೊತ್ತಿರೋದು ಎಷ್ಟು ಜನ?

ಕಿರಿಯಾಕೆ: ನೀವು. ನಾನು.

ಹಿರಿಯಾಕೆ: ಉಳಿದೋರೂ ನಿನ್ನ ಹಾಗೇ ಕಂಬದ ಹಿಂದೆ ಇದಾರೆ. ಆ ಮೂರು ಮನೆಯೋರಲ್ಲಿ ಒಬ್ಬರು ಇದ್ರೂ ಇರಬಹುದು. ಇನ್ನು ಮಗಳ ವಿಷಯ. ತಾಯಿಗೆ ಇದ್ರೆ ಮಕ್ಕಳಿಗೆ ಬರೋ ಸಾಧ್ಯತೆ ಜಾಸ್ತಿ ಅನ್ನೋದು ನಿಜ. ಅದನ್ನ ಬಚ್ಚಿಟ್ರೆ ಅವಳಿಗೇನೂ ಲಾಭ ಇಲ್ಲ. ಚೆನ್ನೈನಲ್ಲಿ ಡಾಕ್ಟರ್ ಎ. ರಾಮಚಂದ್ರನ್ ಅವರ ತಂಡ 531 ಜನರನ್ನ ಸುಮಾರು ಮೂರು ವರ್ಷ ನೋಡಿತು. ಎಲ್ಲರೂ ಕಾಯಿಲೆ ಅಂಚಿನಲ್ಲಿದ್ದೋರು. ಫಲಿತಾಂಶ 2006ರಲ್ಲಿ ಬಂತು. ನಡಿಗೆ, ಊಟದ ಹಿಡಿತ ಇಟ್ಕೊಂಡೋರಲ್ಲಿ ಕಾಯಿಲೆ ಬರೋ ಅಪಾಯ ಶೇಕಡ 28.5ರಷ್ಟು ತಗ್ಗಿತು. ಮೆಟ್‌ಫಾರ್ಮಿನ್ ಮಾತ್ರೆಯಿಂದ ಆಗಿದ್ದೂ ಹತ್ತಿರ ಹತ್ತಿರ ಅಷ್ಟೇ, 26.4. ನಿನ್ನ ಮಗಳಿಗೆ ಬೇಕಾಗಿರೋದು ಈ ಮಾತು. ಸಾಧ್ಯ ಆದ್ರೆ ಅವಳನ್ನೂ ಕರ್ಕೊಂಡು ಬಾ.

ಕಿರಿಯಾಕೆ: ಅವಳು ಬಂದ್ರೆ ನನಗೂ ಧೈರ್ಯ ಇರುತ್ತೆ. ಆದ್ರೂ ಎಲ್ಲರ ಮುಂದೆ ಹೇಳೋದು ನನ್ನ ಕೈಲಾಗಲ್ಲ.

ಹಿರಿಯಾಕೆ: ಎಲ್ಲರ ಮುಂದೆ ಹೇಳು ಅಂತ ಯಾರಂದ್ರು? ಕಾಯಿಲೆ ನಿನ್ನದು, ಯಾರಿಗೆ ಹೇಳಬೇಕು ಅನ್ನೋ ಹಕ್ಕೂ ನಿನ್ನದೇ. ಆದ್ರೆ ಆ ಹಾಲ್‌ನಲ್ಲಿ ಇಬ್ಬರಿಗೆ ಗೊತ್ತಿರಲೇಬೇಕು. ಕ್ಲಾಸ್ ಹೇಳಿಕೊಡೋ ಹುಡುಗನಿಗೆ, ನಿನ್ನ ಪಕ್ಕ ನಿಲ್ಲೋ ಒಬ್ಬರಿಗೆ. ಯಾಕೆ ಗೊತ್ತಾ? ಸಕ್ಕರೆ ಕೆಳಗೆ ಹೋದಾಗ ಮೊದಲು ನಡುಕ, ಹಸಿವು, ಎದೆ ಹೊಡ್ಕೊಳ್ಳೋದು, ತಣ್ಣನೆ ಬೆವರು. ಇನ್ನೂ ಇಳಿದು 54ಕ್ಕಿಂತ ಕೆಳಗೆ ಹೋದ್ರೆ ಮೆದುಳಿಗೆ ಗ್ಲೂಕೋಸ್ ಸಾಲದೆ ಬುದ್ಧಿ ಮಂಕಾಗೋಕೆ ಶುರುವಾಗುತ್ತೆ. ಆಗ ತನಗೆ ಏನಾಗ್ತಿದೆ ಅಂತ ಅವರಿಗೇ ತಿಳಿಯಲ್ಲ. ಬ್ಯಾಗಿನಲ್ಲಿ ಗ್ಲೂಕೋಸ್ ಇದ್ರೂ ತೆಗೆದು ತಿನ್ನಬೇಕು ಅನ್ನೋದು ಹೊಳೆಯಲ್ಲ. ‘ಏನಿಲ್ಲ, ಚೆನ್ನಾಗಿದೀನಿ’ ಅಂತ ಸಿಟ್ಟಲ್ಲೇ ಹೇಳ್ತಾರೆ. ವಾರ್ಡಿನಲ್ಲಿ ಎಂಥೆಂಥ ತಿಳಿದೋರು ಗ್ಲೂಕೋಸ್ ಲೋಟನ ತಳ್ಳಿದ್ದು ನೋಡಿದೀನಿ. ನೀನು ಬಾಗಿಲು ಮುಚ್ಕೊಂಡು ಒಬ್ಬಳೇ ರೂಮಿನಲ್ಲಿ ಮಾಡ್ತೀನಿ ಅಂದಾಗ ನನಗೆ ಹೆದರಿಕೆ ಆಗಿದ್ದು ಇದಕ್ಕೆ.

ಕಿರಿಯಾಕೆ: ಕ್ಲಾಸಿನಲ್ಲಿ ಎಲ್ಲರೂ ಬೆವರ್ತಾರೆ, ಎಲ್ಲರಿಗೂ ಎದೆ ಹೊಡ್ಕೊಳ್ಳುತ್ತೆ. ಅದು ವ್ಯಾಯಾಮದ್ದಾ ಲೋ ಆಗಿದ್ದಾ ಅಂತ ನನಗೇ ಹೇಗೆ ತಿಳಿಯಬೇಕು?

ಹಿರಿಯಾಕೆ: ಒಳ್ಳೇ ಪ್ರಶ್ನೆ. ವ್ಯಾಯಾಮದ ಬೆವರು ನಿಂತು ಉಸಿರಾಡಿದ್ರೆ ಎರಡು ಮೂರು ನಿಮಿಷಕ್ಕೆ ಇಳಿಯೋಕೆ ಶುರುವಾಗುತ್ತೆ. ಲೋ ಆಗಿದ್ರೆ ಕೂತ್ರೂ ಜಾಸ್ತಿನೇ ಆಗುತ್ತೆ. ತುಟಿ ಸುತ್ತ ಜುಮ್ ಅನ್ನುತ್ತೆ, ಗೊತ್ತಿರೋ ಸ್ಟೆಪ್ಪೇ ತಪ್ಪುತ್ತೆ, ಇದ್ದಕ್ಕಿದ್ದ ಹಾಗೆ ಕಿರಿಕಿರಿ. ಬಿಪಿಗೆ ಮೆಟೊಪ್ರೊಲಾಲ್, ಅಟೆನೊಲಾಲ್ ಥರದ ಮಾತ್ರೆ ತಗೊಳ್ಳೋರಿಗೆ ನಡುಕ, ಎದೆ ಬಡಿತ ಎರಡೂ ಅಷ್ಟಾಗಿ ಗೊತ್ತಾಗಲ್ಲ, ಬೆವರೇ ಮುಖ್ಯ ಗುರುತು. ಅನುಮಾನ ಬಂದ್ರೆ ಮೀಟರ್ ಹುಡುಕ್ತಾ ಕೂರಬೇಡ, ಮೊದಲು ಗ್ಲೂಕೋಸ್ ತಗೋ.

ಕಿರಿಯಾಕೆ: ಬ್ಯಾಗಿನಲ್ಲಿ ಚಾಕಲೇಟ್ ಇಟ್ಕೊಂಡಿರ್ತೀನಿ.

ಹಿರಿಯಾಕೆ: ಅದು ಬೇಡ. ಚಾಕಲೇಟ್‌ನಲ್ಲಿರೋ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರೋದನ್ನ ತಡ ಮಾಡುತ್ತೆ. ತುಪ್ಪದ ಲಾಡೂ ಹಾಗೇ. ನಿನಗಂತೂ ಮನೆ ಸಕ್ಕರೆನೂ ತಕ್ಷಣಕ್ಕೆ ಆಗಲ್ಲ. ನಿನ್ನ ಮಾತ್ರೇಲಿ ವೋಗ್ಲಿಬೋಸ್ ಇದೆಯಲ್ಲ, ಅದರ ಕೆಲಸವೇ ಕರುಳಿನಲ್ಲಿ ಸಕ್ಕರೆ ಒಡೆಯೋದನ್ನ ನಿಧಾನ ಮಾಡೋದು. ಅದಕ್ಕೇ ಗ್ಲೂಕೋಸ್ ಪುಡಿನೇ ಬೇಕು. ಮೂರು ಚಮಚದಲ್ಲಿ ಸುಮಾರು 15 ಗ್ರಾಂ ಆಗುತ್ತೆ, ಅರ್ಧ ಲೋಟ ನೀರಿಗೆ ಕಲಸಿ ಕುಡಿ. 15 ನಿಮಿಷ ಬಿಟ್ಟು ಮೀಟರ್‌ನಲ್ಲಿ ನೋಡು. ಇನ್ನೂ 70 ದಾಟಿಲ್ಲ ಅಂದ್ರೆ ಮತ್ತೆ ಮೂರು ಚಮಚ. ದಾಟಿದ ಮೇಲೆ ತಿಂಡಿ ತಿನ್ನು. ‘ಈಗ ಸರಿಹೋಯ್ತು’ ಅಂತ ಮತ್ತೆ ಸಾಲಿಗೆ ಹೋಗಿ ಸೇರ್ಕೋಬೇಡ, ಅವತ್ತಿಗೆ ಸಾಕು. ರಾತ್ರಿ ಮಲಗೋ ಮುಂಚೆನೂ ಒಂದು ಸಲ ನೋಡು. ವ್ಯಾಯಾಮದ ಪರಿಣಾಮ ಒಂದು ದಿನ, ಕೆಲವು ಸಲ ಎರಡು ದಿನ ಇರುತ್ತೆ.

ಕಿರಿಯಾಕೆ: ಹಾಗಾದ್ರೆ ಇದು ಹೇಗೆ? ಇನ್ನೊಂದು ದಿನ ಬರುವಾಗ 148 ಇತ್ತು, ಕ್ಲಾಸ್ ಮುಗಿಸಿ ಮನೇಗೆ ಹೋಗಿ ನೋಡಿದ್ರೆ 187. ಅಷ್ಟು ಬೆವರು ಸುರಿಸಿದ್ದು ದಂಡ ಅನ್ನಿಸಿ ಅಳು ಬಂತು.

ಹಿರಿಯಾಕೆ: ಜೋರಾಗಿ ನೆಗೆಯೋ ವ್ಯಾಯಾಮದಲ್ಲಿ ಅಡ್ರಿನಲಿನ್ ಏರುತ್ತೆ, ಅದಕ್ಕೆ ಪಿತ್ತಜನಕಾಂಗ ತನ್ನಲ್ಲಿರೋ ಗ್ಲೂಕೋಸನ್ನ ರಕ್ತಕ್ಕೆ ಬಿಡುತ್ತೆ. ಸ್ವಲ್ಪ ಹೊತ್ತು ಏರಿ ಆಮೇಲೆ ಇಳಿಯುತ್ತೆ. ಆ ಒಂದು ನಂಬರ್ ನೋಡಿ ತೀರ್ಮಾನ ಮಾಡಬಾರದು. ಮೂರು ತಿಂಗಳ ಸರಾಸರಿ ಹೇಳೋ ಎಚ್‌ಬಿಎ1ಸಿ ನೋಡು. ವಾರಕ್ಕೆ 150 ನಿಮಿಷ, ಮಧ್ಯೆ ಎರಡು ದಿನಕ್ಕಿಂತ ಹೆಚ್ಚು ಬಿಡುವು ಬೇಡ, ಎರಡು ಮೂರು ದಿನ ಸ್ನಾಯು ಬಲಪಡಿಸೋ ವ್ಯಾಯಾಮ ಇರಲಿ ಅಂತ ಡಾಕ್ಟರ್‌ಗಳು ಹೇಳೋದು. ನಿನ್ನ ಮೈಗೆ ಈ ಕೊನೇದು ಮುಖ್ಯ. ಆ ಹುಡುಗ ಗೋಡೆಗೆ ಕೈಯಿಟ್ಟು ಪುಷ್‌ಅಪ್ ಮಾಡಿಸ್ತಾನಲ್ಲ, ಆಗ ನೀನು ನೀರು ಕುಡಿಯೋಕೆ ಹೋಗ್ತೀಯ. ಹೋಗಬೇಡ. ಗ್ಲೂಕೋಸ್ ಹಿಡಿದಿಡೋದು ಸ್ನಾಯು. ಅದು ಬೆಳೆದಷ್ಟೂ ನಿನಗೆ ಬಲ.

ಕಿರಿಯಾಕೆ: ನಿಮ್ಮನ್ನ ನೋಡಿದ್ರೆ ನಿಮಗೆ ಈ ಸಂಕೋಚ ಯಾವತ್ತೂ ಇರಲೇ ಇಲ್ಲ ಅನ್ನಿಸುತ್ತೆ.

ಹಿರಿಯಾಕೆ: ಇತ್ತು, ಈಗಲೂ ಒಂದೊಂದು ಸಲ ಇರುತ್ತೆ. ಶನಿವಾರ ಯೋಗದ ದಿನ ಎಲ್ಲರೂ ಸರ್ವಾಂಗಾಸನ ಮಾಡುವಾಗ ನಾನೊಬ್ಬಳು ಕಾಲು ಚಾಚಿ ಕೂತಿರ್ತೀನಿ. ನನ್ನ ಕಣ್ಣಿನ ಪರದೆಗೆ ಲೇಸರ್ ಆಗಿದೆ. ಅಂಥ ಕಣ್ಣು ಇರೋರು ತಲೆ ಕೆಳಗಾಗೋ ಆಸನ, ಉಸಿರು ಬಿಗಿಹಿಡಿದು ಭಾರ ಎತ್ತೋದು ಮಾಡಿದ್ರೆ ಒಳಗೆ ರಕ್ತಸ್ರಾವ ಆಗಬಹುದು. ಹೊಸಬರು ಯಾರಾದ್ರೂ ‘ಆಂಟಿ, ಟ್ರೈ ಮಾಡಿ’ ಅಂತಾರೆ. ಕಣ್ಣಿಗೆ ಲೇಸರ್ ಆಗಿದೆ ಅಂತೀನಿ. ಅಷ್ಟೇ, ಮುಂದಿನ ಪ್ರಶ್ನೆ ಬರಲ್ಲ. ಇದ್ದದ್ದನ್ನ ಇದ್ದ ಹಾಗೆ ಒಂದು ವಾಕ್ಯದಲ್ಲಿ ಹೇಳಿದ್ರೆ ಜನ ಕೆದಕೋದು ಕಮ್ಮಿ ಅಂತ ನನ್ನ ಅನುಭವ.

ಕಿರಿಯಾಕೆ: ಶೂ ವಿಷಯಕ್ಕೂ ಮೊದಮೊದಲು ಮಾತು ಬಂದಿತ್ತಲ್ಲ.

ಹಿರಿಯಾಕೆ: ಬಂದಿತ್ತು. ಹಾಲ್‌ನಲ್ಲಿ ಗಣಪತಿ ಇದಾನೆ, ಚಪ್ಪಲಿ ಶೂ ಬೇಡ ಅಂದ್ರು. ಅವರದೂ ಸರಿ. ಆದ್ರೆ ನನ್ನ ಅಂಗಾಲಿಗೆ ಸ್ಪರ್ಶ ಕಮ್ಮಿಯಾಗಿದೆ. ಬರಿಗಾಲಲ್ಲಿ ಏನಾದ್ರೂ ಚುಚ್ಚಿದ್ರೆ ಗೊತ್ತೇ ಆಗಲ್ಲ. ಗೊತ್ತಾಗದ ಗಾಯ ಹುಣ್ಣಾಗಿ, ಹುಣ್ಣು ಮೂಳೆವರೆಗೆ ಹೋಗಿ ಬೆರಳು ತೆಗೆಸಿಕೊಂಡೋರಿಗೆ ನನ್ನ ಕೈಯಾರೆ ಡ್ರೆಸ್ಸಿಂಗ್ ಮಾಡಿದೀನಿ. ಭವನದ ಕಾರ್ಯದರ್ಶಿಯೋರಿಗೆ ಇದನ್ನೇ ಹೇಳಿದೆ. ಹಾಲ್ ಒಳಗಷ್ಟೇ ಹಾಕೋ ಒಂದು ಜೊತೆ ಶೂ ಬೇರೆ ಇಟ್ಟೆ, ರಸ್ತೆ ಮುಟ್ಟಿಸಲ್ಲ. ಒಪ್ಪಿದ್ರು. ಇಲ್ಲಿ ನೋಡು, ಹಾಕೋ ಮುಂಚೆ ಹೀಗೆ ಬೋರಲು ಹಾಕಿ ಕೊಡವಬೇಕು. ಆಮೇಲೆ ಕೈ ಒಳಗೆ ಹಾಕಿ ತುದೀವರೆಗೂ ಸವರಬೇಕು, ಮಡಿಸಿದ ಅಂಚು, ಹೊಲಿಗೆ ಗಂಟು, ಕಲ್ಲು ಏನಾದ್ರೂ ಬೆರಳಿಗೆ ಸಿಗುತ್ತಾ ಅಂತ. ಒಂದು ಸಲ ಸ್ಟೇಪಲ್ ಪಿನ್ ಸಿಕ್ಕಿತ್ತು. ಹಾಗೇ ಹಾಕ್ಕೊಂಡಿದ್ರೆ ಒಂದು ಗಂಟೆ ಅದರ ಮೇಲೇ ಕುಣೀತಿದ್ದೆ. ಮನೆಗೆ ಹೋದ ಮೇಲೆ ಅಂಗಾಲು, ಬೆರಳ ಸಂದಿ ನೋಡ್ಕೊತೀನಿ. ನೀನೂ ರೂಢಿ ಮಾಡ್ಕೋ.

ಕಿರಿಯಾಕೆ: ಆ ಹುಡುಗನಿಗೆ ನಾನು ಹೇಗೆ ಹೇಳಲಿ? ನನ್ನ ಸ್ಟೂಡೆಂಟ್ ವಯಸ್ಸಿನೋನು.

ಹಿರಿಯಾಕೆ: ಕ್ಲಾಸಿಗೆ ಹತ್ತು ನಿಮಿಷ ಮುಂಚೆ ಬಾ, ಅವನು ಸ್ಪೀಕರ್ ಜೋಡಿಸ್ತಿರ್ತಾನೆ. ‘ನೋಡಪ್ಪಾ, ನನಗೆ ಶುಗರ್ ಇದೆ. ಮಧ್ಯದಲ್ಲಿ ಕೂತ್ರೆ ಲೋ ಆಗಿರಬಹುದು, ಕೂಗಬೇಡ, ಬಂದು ನೋಡು. ಬ್ಯಾಗಿನ ಮುಂದಿನ ಜಿಪ್‌ನಲ್ಲಿ ಗ್ಲೂಕೋಸ್ ಇದೆ, ಕಲಸಿ ಕೊಡು. ನಾನು ಮಾತಾಡದೆ ಒರಗಿದ್ರೆ ಬಾಯಿಗೆ ಏನೂ ಹಾಕಬೇಡ, ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡು.’ ಇಷ್ಟೇ. ಪಾಠ ಮಾಡೋಳಿಗೆ ಇದು ಕಷ್ಟವಾ?

ಕಿರಿಯಾಕೆ: ಬಾಯಿಗೆ ಏನೂ ಹಾಕಬಾರದಾ? ಎಲ್ಲರೂ ಮೊದಲು ನೀರು ಕುಡಿಸೋಕೆ ಬರ್ತಾರಲ್ಲ.

ಹಿರಿಯಾಕೆ: ಎಚ್ಚರ ತಪ್ಪಿದೋರಿಗೆ ನುಂಗೋಕಾಗಲ್ಲ, ಕುಡಿಸಿದ್ದು ಶ್ವಾಸಕೋಶಕ್ಕೆ ಹೋಗುತ್ತೆ. ಕೂತು ಮಾತಾಡೋರಿಗೆ ಮಾತ್ರ ಕುಡಿಸಬೇಕು. ಇದು ಹಾಲ್‌ನಲ್ಲಿರೋ ಪ್ರತಿಯೊಬ್ಬರಿಗೂ ಗೊತ್ತಿರಬೇಕಾದ್ದು. ಇನ್ನು ಹೇಳ್ಕೊಳ್ಳೋ ಸಂಕೋಚದ ಮಾತು. ವಾಸಿಂ ಅಕ್ರಂ ಗೊತ್ತಲ್ಲ, ಪಾಕಿಸ್ತಾನದ ವೇಗದ ಬೌಲರ್. 1997ರಲ್ಲಿ, ಮೂವತ್ತರ ಆಸುಪಾಸಿನಲ್ಲಿ ಅವರಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾಯ್ತು. ಇನ್ಸುಲಿನ್ ತಗೊಂಡೇ 2003ರವರೆಗೂ ಅಂತರರಾಷ್ಟ್ರೀಯ ಕ್ರಿಕೆಟ್ ಆಡಿದ್ರು. ಅದನ್ನ ಮುಚ್ಚಿಡದೆ ಎಲ್ಲ ಕಡೆ ಮಾತಾಡಿದಾರೆ.

ಕಿರಿಯಾಕೆ: ಅಕ್ಕಾ, ಅವರ ಮಾತು ಬೇರೆ. ಅವರು ಗಂಡಸು, ಹೆಸರು ಮಾಡಿದೋರು, ಜೊತೆಗೆ ಡಾಕ್ಟರ್, ಫಿಸಿಯೋ ಎಲ್ಲ ಇದ್ರು. ಅವರ ಮಗಳಿಗೆ ಸಂಬಂಧ ತಪ್ಪುತ್ತೆ ಅಂತ ಯಾರೂ ಲೆಕ್ಕ ಹಾಕಿರಲ್ಲ. ನಾನು ಆ ಹಾಲ್‌ಗೆ ಬರೋದು ಒಂದು ಚೂಡಿದಾರ್, ಒಂದು ಕೈಚೀಲ ಹಿಡ್ಕೊಂಡು. ಹೇಳೋ ಹೊಣೆ ಎಲ್ಲಾ ನಮ್ಮ ಮೇಲೇ ಯಾಕೆ? ನಮ್ಮ ಸ್ಕೂಲಿನಲ್ಲಿ ಅಡ್ಮಿಷನ್ ಫಾರಂನಲ್ಲೇ ಕೇಳ್ತೀವಿ, ಮಗುವಿಗೆ ಫಿಟ್ಸ್ ಇದೆಯಾ, ಉಬ್ಬಸ ಇದೆಯಾ ಅಂತ. ಆಟದ ಮೇಷ್ಟ್ರ ಹತ್ರ ಪಟ್ಟಿ ಇರುತ್ತೆ. ಉಬ್ಬಸ ಇರೋ ಮಗು ಓಡೋದು ನಿಲ್ಲಿಸಿ ಕೂತ್ರೆ ಅವರು ಸೀಟಿ ಊದಲ್ಲ, ಹತ್ರ ಹೋಗಿ ವಿಚಾರಿಸ್ತಾರೆ. ದುಡ್ಡು ಕೊಟ್ಟು ಬರೋ ದೊಡ್ಡವರ ಕ್ಲಾಸಿನಲ್ಲಿ ಅಷ್ಟು ಯಾಕಿಲ್ಲ? ಹೆಸರು ಬರ್ಕೊಳ್ಳುವಾಗ ನನ್ನನ್ನ ಕೇಳಿದ್ದು ಫೋನ್ ನಂಬರ್, ತಿಂಗಳ ಫೀಸ್, ಎಷ್ಟು ಕೆಜಿ ಇಳಿಸಬೇಕು ಅನ್ನೋದು. ಆರೋಗ್ಯದ ಒಂದು ಪ್ರಶ್ನೆ ಕೇಳಿದ್ರೆ ಅವತ್ತೇ ಹೇಳ್ತಿದ್ದೆ.

ಹಿರಿಯಾಕೆ: ಇದು ನನಗೆ ಹೊಳೆದೇ ಇರಲಿಲ್ಲ. ನೀನು ಹೇಳಿದ್ದು ಸರಿ. ನರ್ಸ್ ಕೆಲಸದಲ್ಲಿ ನಮ್ಮ ಮೊದಲ ಪ್ರಶ್ನೆನೇ ಶುಗರ್ ಇದೆಯಾ ಬಿಪಿ ಇದೆಯಾ ಅಂತ. ರೋಗಿ ತಾನಾಗಿ ಹೇಳಲಿ ಅಂತ ಕಾಯ್ತಿರಲಿಲ್ಲ. ಕಾದಿದ್ರೆ ಎಷ್ಟೋ ಜನ ಹೇಳ್ತಾನೂ ಇರಲಿಲ್ಲ.

ಕಿರಿಯಾಕೆ: ಒಂದು ಕೆಲಸ ಮಾಡೋಣ ಅಕ್ಕಾ. ನಾನು ಆ ಹುಡುಗನಿಗೆ ಹೇಳ್ತೀನಿ, ನೀವು ಜೊತೇಲಿರಿ. ಡಾಕ್ಟರ್ ಹತ್ರ ಮಾತ್ರೆ ಟೈಮ್ ಕೇಳ್ತೀನಿ. ಪಕ್ಕ ನಿಲ್ಲೋರು ನೀವೇ ಆಗಿ. ಕಂಬದ ಹತ್ರ ಬೇಡ, ಕಿಟಕಿ ಕಡೆ ನಿಲ್ಲೋಣ, ಬಾತ್‌ರೂಮ್ ಬಾಗಿಲೂ ಅಲ್ಲೇ ಇದೆ. ದುಪಟ್ಟಾ ಕಟ್ಟೋದು ಬಿಡ್ತೀನೋ ಇಲ್ವೋ ಗೊತ್ತಿಲ್ಲ, ಅದಕ್ಕೆ ಒತ್ತಾಯ ಮಾಡಬೇಡಿ.

ಹಿರಿಯಾಕೆ: ಖಂಡಿತ ಮಾಡಲ್ಲ. ಬೇಕಿದ್ರೆ ಪಿನ್ ಹಾಕ್ಕೋ, ಜಾರಲ್ಲ. ಫೋಟೋ ಬೇಡ ಅನ್ನಿಸಿದ್ರೆ ಬೇಡ ಅನ್ನು. ಇನ್ನೊಂದು, ಜ್ವರ ವಾಂತಿ ಇರೋ ದಿನ, ಶುಗರ್ 250ರ ಮೇಲಿದ್ದು ಮೈ ಸರಿಯಿಲ್ಲ ಅನ್ನಿಸಿದ ದಿನ ಕ್ಲಾಸ್ ಬಿಡು, ಡಾಕ್ಟರ್‌ಗೆ ಫೋನ್ ಮಾಡು. ಹಾಗೆ ಬಿಟ್ಟಿದ್ದಕ್ಕೆ ನೊಂದ್ಕೋಬೇಡ.

ಕಿರಿಯಾಕೆ: ಕಾರ್ಯದರ್ಶಿಯೋರಿಗೆ ಒಂದು ಅರ್ಜಿನೂ ಬರೀತೀನಿ, ನೀವೂ ಸಹಿ ಹಾಕಿ. ನಮ್ಮ ಹಾಲ್‌ಗಷ್ಟೇ ಅಲ್ಲ, ಊರಲ್ಲಿ ಇಂಥ ಕ್ಲಾಸ್ ನಡೆಸೋ ಎಲ್ಲರಿಗೂ ನಾನು ಕೇಳ್ಕೊಳ್ಳೋದು ಇದು: ಹೆಸರು ಬರ್ಕೊಳ್ಳುವಾಗ ಶುಗರ್, ಬಿಪಿ, ಹೃದಯದ ತೊಂದರೆ ಇದೆಯಾ ಅಂತ ಪಕ್ಕಕ್ಕೆ ಕರೆದು ಕೇಳಿ, ಮೈಕ್‌ನಲ್ಲಿ ಕೇಳಬೇಡಿ. ಹೇಳಿದ್ದನ್ನ ನಿಮ್ಮಲ್ಲೇ ಇಟ್ಕೊಳ್ಳಿ. ಮೂಲೇಲಿ ಒಂದು ಕುರ್ಚಿ, ಕುಡಿಯೋ ನೀರು, ಒಂದು ಪ್ಯಾಕೆಟ್ ಗ್ಲೂಕೋಸ್ ಪುಡಿ ಇಟ್ಟಿರಿ. ಮಧ್ಯದಲ್ಲಿ ಯಾರಾದ್ರೂ ಕೂತ್ರೆ ಎದ್ದೇಳಿ ಅಂತ ಕೂಗಬೇಡಿ, ಹಾಡು ನಿಲ್ಲಿಸದೇ ಇದ್ರೂ ಪರವಾಗಿಲ್ಲ, ಹತ್ರ ಬಂದು ಏನಾಯ್ತು ಅಂತ ಕೇಳಿ.